ಕೆಮ್ಮಿಲ್ಲದ ಆಲ್ಬಮ್

ನಮ್ಮ ರೆಕಾರ್ಡ್ ಅಂಗಡಿಗೆ ದಿನವೂ ಬಂದು, ದಿನವೂ ಏನನ್ನೂ ಕೊಳ್ಳದೆ ಹೋಗುವ ರಸಿಕರೊಬ್ಬರಿದ್ದಾರೆ. ಅವರಿಗೆ ನಾವಿಟ್ಟ ಹೆಸರು ಉಶ್ ರಾಯರು. ಜಾಜ್ ಶುರುವಾದರೆ ಸಾಕು, ಅವರ ಬೆರಳು ತುಟಿಯ ಮೇಲೆ. ಗಿರಾಕಿ ಸೀನಿದರೆ "ಉಶ್", ಫ್ಯಾನು ಕಿರುಗುಟ್ಟಿದರೆ ಅದಕ್ಕೂ "ಉಶ್". ರಾಯರಿದ್ದಾಗ ನೊಣವೂ ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತದೆ ಎನ್ನುತ್ತಾನೆ ನನ್ನ ತಮ್ಮ. ಅವರ ಪ್ರಕಾರ ಪಿಯಾನೋ ನುಡಿಸಬಲ್ಲವನು ಭೂಮಿಯ ಮೇಲೆ ಒಬ್ಬನೇ, ಮಿಕ್ಕವರದ್ದೆಲ್ಲ ಪಾತ್ರೆ ತೊಳೆಯುವ ಸದ್ದು. ಆ ಒಬ್ಬನ ಜೀವಮಾನದ ನುಡಿಸಾಣಿಕೆಯಿಂದ ಆಯ್ದ ಆಲ್ಬಮ್ ಬಂದಾಗ ರಾಯರು ಮೊದಲ ಬಾರಿಗೆ ಜೇಬಿಗೆ ಕೈ ಹಾಕಿದರು. ಮರುದಿನವೇ ಅದನ್ನು ತಂದು ಮೇಜಿನ ಮೇಲೆ ಕುಕ್ಕಿದರು. "ಮೋಸ ಕಣ್ರೀ! ಅವನು ನಮ್ಮೂರಿಗೆ ಬಂದು ನುಡಿಸಿದ ಕಾರ್ಯಕ್ರಮ ಇದರಲ್ಲಿದೆ, ಅದರಲ್ಲಿದ್ದ ಕೆಮ್ಮೆಲ್ಲಿ?" ಹಳೆಯ ಧ್ವನಿಮುದ್ರಣವನ್ನು ಶುಚಿಮಾಡುವಾಗ ಸಭಿಕರ ಸದ್ದನ್ನೆಲ್ಲ ತೆಗೆದಿರುತ್ತಾರೆ ಎಂದೆ. "ಸದ್ದು ಕಂಡ್ರೆ ನಿಮಗೇ ಆಗಲ್ವಲ್ಲ ಸಾರ್?" ಎಂದ ತಮ್ಮನನ್ನು ಸುಟ್ಟುಬಿಡುವಂತೆ ನೋಡಿದರು. ಜಗಳ ಬೇಡವೆಂದು ನಾನು ಆ ಕಾರ್ಯಕ್ರಮದ ಹಳೆಯ ರೆಕಾರ್ಡನ್ನೇ ಹುಡುಕಿ ಹಾಕಿ, ಅದರ ಮೇಲೆ ಮುಳ್ಳಿಟ್ಟೆ. ಪಿಯಾನೋ ಇನ್ನೇನು ಪಿಸುಗುಟ್ಟಬೇಕು, ಅಷ್ಟರಲ್ಲಿ ರೆಕಾರ್ಡಿನೊಳಗೆ ಹೆಂಗಸೊಬ್ಬಳು ಖೊಕ್ ಖೊಕ್ ಎಂದು ಕೆಮ್ಮಿದಳು. "ಉಶ್!" ಎಂದ ತಮ್ಮ, ರಾಯರನ್ನು ಅಣಕಿಸುತ್ತ. "ಸುಮ್ನಿರಪ್ಪ, ಅದು ನಮ್ಮನೆಯವಳು," ಎಂದರು ರಾಯರು. "ಅವತ್ತು ಮನೆ ಮುಟ್ಟೋವರೆಗೂ ಬೈದಿದ್ದೆ. ಈಗ ಅವಳ ದನಿ ಅಂತ ಉಳಿದಿರೋದು ಇದೊಂದೇ. ಮುಳ್ಳು ಸ್ವಲ್ಪ ಹಿಂದಕ್ಕಿಡು."