ಕಂಪ್ಲಿ ಕಾಲುವೆಯಲ್ಲಿ ತೇಲಿದ ಕಂಪ್ಯೂಟರು

ಅಂಗಳದಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಕೂತ ಅದಿರಿನ ಕೆಂಪು ಧೂಳನ್ನು ಒರೆಸುತ್ತಿದ್ದೆ. ಆಗ ಕಂಪ್ಲಿಯಿಂದ ತಂಗಿಯ ಮಗಳು ವಿಜಯಾಳ ಫೋನ್ ಬಂತು. "ದೊಡ್ಡವ್ವಾ, ನಾಳೆ ಪೆಟ್ಟಿಗಿ ನೀರಿಗೆ ಬಿಡ್ತೀವಿ. ನಡೀಲಿಲ್ಲಾ ಅಂದ್ರ ಶರಣಪ್ಪಕಾಕಾ ನಾ ಕಲಿಸೂ ಕೋಲಿ ಖಾಲಿ ಮಾಡಿಸ್ತಾನ. ನೀ ಬರಾಕ ಬೇಕು."

ವಿಜಯಾ ಅಲ್ಲಿ ಶರಣಪ್ಪನವರ ಅಕ್ಕಿ ಗಿರಣಿಗೆ ಹೊಂದಿಕೊಂಡ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಹಗಲೆಲ್ಲ ಕರೆಂಟ್ ಇರುತ್ತಿರಲಿಲ್ಲ. ಇದ್ದಾಗ ಬಳ್ಳಾರಿ ಸೀಮೆಯ ಬಿಸಿಲಿಗೆ ಯಂತ್ರ ಕಾದು ನಿಂತುಬಿಡುತ್ತಿತ್ತು. ಅದಕ್ಕೆ ಕಂಪ್ಯೂಟರನ್ನೇ ಗಿರಣಿಯ ಹಿಂದಿನ ಕಾಲುವೆಯಲ್ಲಿ ತೇಲಿಸಲು ಹೊರಟಿದ್ದಳು. ಹರಿಯುವ ನೀರು ಚಕ್ರ ತಿರುಗಿಸಿ ಬ್ಯಾಟರಿ ತುಂಬಬೇಕು, ಅದೇ ನೀರು ಪೆಟ್ಟಿಗೆಯನ್ನು ತಂಪಾಗಿ ಇಡಬೇಕು. ಪರದೆಗಳು ಮಾತ್ರ ವೈರಿನ ತುದಿಗೆ, ದಡದ ಕೋಣೆಯಲ್ಲಿ.

ಮರುದಿನ ನಸುಕಿಗೇ ಸಂಡೂರು ಬಿಟ್ಟೆ. ಬಸ್ಸಿನಲ್ಲಿ ಕಿಟಕಿ ಸಿಕ್ಕಿತು, ಅದೂ ನೆರಳಿನ ಕಡೆ. ಕೂತಲ್ಲೇ ಶಿವನಿಗೆ ಕೈಮುಗಿದೆ. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ಮೂವತ್ತು ಕಿಲೋಮೀಟರ್ ದಾರಿಗೆ ಎರಡು ತಾಸು ಹಿಡಿಯಿತು. ಪಕ್ಕದಲ್ಲಿದ್ದ ವಡ್ಡು ಊರಿನ ಹೆಂಗಸು ಎಲ್ಲಿಗೆಂದು ಕೇಳಿದಳು. ಹೇಳಿದೆ.

"ಅಯ್ಯ ನಮ್ಮವ್ವ! ಮಿಕ್ಸಿಗೆ ಒಂದ್ ಹನಿ ನೀರು ಬಿದ್ರ ಢಂ ಅಂತೈತಿ. ದೂರ ನಿಂದರ್ರಿ ಅಕ್ಕಾ, ಮಂದಿ ಮುಂದ ಹೋಗಬ್ಯಾಡ್ರಿ."

ಹೊಸಪೇಟೆಯಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿದೆ. ಜನ ಕಡಿಮೆ, ಕಣ್ತುಂಬ ನಿಲ್ಲಲು ಬಿಟ್ಟರು. 'ಹುಡುಗಿಯ ಮಾನ ಉಳಿಸಪ್ಪ' ಎಂದಷ್ಟೇ ಬೇಡಿಕೊಂಡೆ. ಅಲ್ಲಿಂದ ಕಂಪ್ಲಿ ಬಸ್ಸು. ಬುಕ್ಕಸಾಗರ ಬರುವ ಹೊತ್ತಿಗೆ ಎರಡೂ ಕಡೆ ಹಸಿರು ಭತ್ತ, ಮೂಗಿಗೆ ಕೆಸರಿನ ವಾಸನೆ. ಧೂಳಿಲ್ಲದ ಉಸಿರು ಎಳೆದುಕೊಂಡು ಎಷ್ಟು ದಿನವಾಗಿತ್ತೋ!

ಕಂಪ್ಲಿ ಮುಟ್ಟಿದರೆ ಕಾಲುವೆಯ ದಡದಲ್ಲಿ ಜಾತ್ರೆಯಷ್ಟು ಜನ. "ಬರ್ರಿ ಅಕ್ಕಾರ, ಕುಂದ್ರಿ," ಎಂದು ಶರಣಪ್ಪನವರು ಕುರ್ಚಿ ಹಾಕಿಸಿದರು. "ನಿಮ್ಮ ಮಗಳು ನಮ್ಮ ಕಾಲುವಿಗೆ ಕರೆಂಟ್ ಬಿಡ್ತಾಳಂತ."

"ಜಳಕಕ್ಕ ಬಿಸಿನೀರಾದ್ರೂ ಸಿಗ್ತಾವು ಬಿಡ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ವಿಜಯಾ ಸುಮ್ಮನಿರುವವಳಲ್ಲ. "ನಗ್ರಿ. ಮುಂದೊಂದು ದಿನ ಸಮುದ್ರದಾಗ ಮನಿಯಷ್ಟು ದೊಡ್ಡ ಕಂಪ್ಯೂಟರ್ ತೇಲ್ತಾವು, ತೆರಿ ಬಲದ ಮ್ಯಾಲ ನಡೀತಾವು."

"ಸಮುದ್ರದಾಗ ಯಾರಿಗೆ ಕಲಿಸ್ತೀಯವ್ವಾ, ಮೀನಿಗೇನು?" ಎಂದರು ಶರಣಪ್ಪನವರು. ನಗು ಇಳಿದ ಮೇಲೆ ದನಿ ತಗ್ಗಿಸಿದರು. "ಚ್ಯಾಷ್ಟಿ ಇರಲಿ. ಕಾಲುವಿ ನೀರು ನಿಂತ ದಿನ ಏನ್ ಮಾಡ್ತಿ? ಹುಡುಗ್ಯಾರು ಗ್ವಾಡಿ ನೋಡ್ಕೋತ ಕುಂದ್ರಬೇಕೇನು?"

"ಬ್ಯಾಟರಿ ಐತಿ ಕಾಕಾ."

"ಬಾಯಾಗ ಎಲ್ಲಾ ಐತಿ."

ಸಂಶಯವಿದ್ದರೂ ಪೂಜೆಯಿಲ್ಲದೆ ಹೊಸ ಯಂತ್ರ ಮುಟ್ಟುವವರಲ್ಲ ಅವರು. ಚಕ್ರದ ಮೇಲಿನ ಕಬ್ಬಿಣದ ಚೌಕಟ್ಟಿಗೆ ದಪ್ಪನೆಯ ಚೆಂಡುಹೂವಿನ ಹಾರವನ್ನು ತಾವೇ ಕಟ್ಟಿದರು. ನಾವು ಹೆಂಗಸರು ಗಂಗೆಗೆ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆಸಿದೆವು. ಹಗ್ಗ ಸಡಿಲಿಸಿದರು. ಡ್ರಮ್ಮುಗಳ ಮೇಲೆ ಕೂರಿಸಿದ ಪೆಟ್ಟಿಗೆ ಒಮ್ಮೆ ವಾಲಿ, ನೆಟ್ಟಗಾಗಿ ತೇಲಿತು. ಚಕ್ರ ಟಪಟಪ ತಿರುಗಿತು. ಕೋಣೆಯಲ್ಲಿ ಎರಡು ಪರದೆಗಳು ಬೆಳಗಿದವು. ನಾನು ಒಳಗೆ ಹೋಗಿ ಹುಡುಗಿಯರ ನಡುವೆ ಕೂತೆ.

ತಾಸೊಂದು ಕಳೆದ ಮೇಲೆ ಹೊರಗೆ ಗದ್ದಲ. "ನಿಂತಿತು! ಚಕ್ರ ನಿಂತಿತು!" ಬಾಗಿಲಿಂದ ಇಣುಕಿದೆ; ಚೌಕಟ್ಟಿನ ಹಾರ ಜೋತುಬಿದ್ದು ಚಕ್ರಕ್ಕೆ ಸುತ್ತಿಕೊಂಡಿತ್ತು. ವಿಜಯಾಳ ಮುಖ ಬಿಳಿಚಿತು. ಶರಣಪ್ಪನವರು ಕೋಣೆಯ ಬಾಗಿಲಿಗೆ ಬಂದರು. "ಏಳ್ರವ್ವಾ, ಮುಗೀತು ಆಟ."

ಕೀಲಿಮಣೆಯ ಮೇಲಿಂದ ಕಣ್ಣೆತ್ತದೆ ಒಬ್ಬ ಹುಡುಗಿ ಕೇಳಿದಳು, "ಯಾಕ್ರೀ ಕಾಕಾ? ಇನ್ನಾ ಬರಿಯಾಕತ್ತೀನಲ್ಲ."

ಪರದೆಗಳು ಆರಿರಲಿಲ್ಲ. ಶರಣಪ್ಪನವರು ಕಾಲುವೆಯ ಕಡೆ ನೋಡಿದರು, ಪರದೆಯ ಕಡೆ ನೋಡಿದರು. ಹಾರ ಬಿಡಿಸಲು ನೀರಿಗಿಳಿದವನಿಗೆ ಕೂಗಿ ಹೇಳಿದರು, "ಮುಟ್ಟಬ್ಯಾಡಲೇ! ಹಂಗ ಇರ್ಲಿ. ಎಲ್ಲೀಮಟ ನಡೀತೈತಿ ನೋಡೂಣು."

ಅಲ್ಲೇ ಮಣೆ ಹಾಕಿಕೊಂಡು ಕೂತರು. ಚಹಾ ಬಂತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಂತು; ಪರದೆಯ ಮೇಲಿಂದ ಕಣ್ಣು ಕೀಳದೆ ಉಂಡರು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂದರೂ ಪರದೆ ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಶರಣಪ್ಪನವರೇ ಎದ್ದು ಧೋತರ ಎತ್ತಿಕಟ್ಟಿ, ಕುಡಗೋಲು ಹಿಡಿದು ನೀರಿಗಿಳಿದರು.

"ಹಾರ ಕಟ್ಟಿದ ಕೈಲೇ ಕೊಯ್ದ್ರೇನ್ರೀ ಶರಣಪ್ಪಾರ?" ಎಂದು ದಡದಿಂದ ಯಾರೋ ಕೂಗಿದರು.

"ಸುಮ್ಕಿರಲೇ!" ಎಂದರು, ಆದರೆ ನಗುತ್ತಿದ್ದರು. ಚಕ್ರ ಮತ್ತೆ ತಿರುಗಿತು. "ವಿಜಯವ್ವಾ, ಕೋಲಿ ನಿಂದು. ನಾಳಿಂದ ನಮ್ಮ ಸೊಸೀನೂ ಬರ್ತಾಳ. ಜಲ್ದಿ ಕಲಿಸು."

ಕಾಲುವೆಯ ಉದ್ದಕ್ಕೂ ಚಪ್ಪಾಳೆ ಬಿತ್ತು. ವಿಜಯಾ ಓಡಿಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಸೀರೆ ಒದ್ದೆಯಾಯಿತು, ಆಗಲಿ ಎಂದೆ.

ಸಂಡೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಯವರು ಬಾಗಿಲಲ್ಲೇ ಕೇಳಿದರು, "ಏನಾತು?"

"ನಾ ಬರೂಮುಂದನೂ ಹುಡುಗ್ಯಾರು ಪರದೆ ಮುಂದಿಂದ ಎದ್ದಿರಲಿಲ್ಲ," ಎಂದೆ. ಕಾಲು ತೊಳೆದು, ಸೆರಗು ಸಿಕ್ಕಿಸಿ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಲು ಕೂತೆ.