ನಲವತ್ತಾರು ಡಿಗ್ರಿಯಲ್ಲಿ ಇಡ್ಲಿ ಹಿಟ್ಟು

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರ, ಪುಂಡರೀಕಾಕ್ಷ ರಾಯರ ಉಡುಪಿ ಹೋಟೆಲು. ಇಪ್ಪತ್ತಾರು ವರ್ಷಗಳಲ್ಲಿ ಅವರು ಒಂದು ದಿನವೂ ರಜೆ ಮಾಡಿದವರಲ್ಲ. ಊಟವೆಲ್ಲ ಗಲ್ಲಾದ ಬಳಿ ನಿಂತುಕೊಂಡೇ, ಕೈಯಲ್ಲಿ ತಟ್ಟೆ, ಕಣ್ಣು ಅಡುಗೆಮನೆಯ ಕಡೆ. ಅವರು ಇದನ್ನು ಶ್ರದ್ಧೆ ಎನ್ನುತ್ತಿದ್ದರು. ನನಗೆ ಕಂಡಂತೆ ಬರೀ ಅಭ್ಯಾಸ. ಹೆಂಡತಿ ಜಯಲತಾಗೆ ಬೇಕಿದ್ದುದು ಒಂದೇ: ಗಂಡ ಎದುರಿಗೆ ಕುಳಿತು ಒಂದು ಪೂರ್ತಿ ಊಟ ಮಾಡಬೇಕು. ಮದುವೆಯ ದಿನದ ನಂತರ ಅದು ನಡೆದಿರಲಿಲ್ಲ.

೨೦೧೨ರ ಮೇ ತಿಂಗಳಲ್ಲಿ ಕೊಳವೆ ಬದಲಿಸಲು ರಸ್ತೆ ಅಗೆದರು. ಐದು ದಿನ ನೀರಿಲ್ಲ, ಹೋಟೆಲು ಬಂದ್. ಅದೇ ಸಂಜೆ ಮಗ ಸಮಿತ್ ಕಂಪ್ಯೂಟರಿನಲ್ಲಿ ರಾಜಸ್ಥಾನದ ಮರುಭೂಮಿಯ ಒಂದು ರೆಸಾರ್ಟ್ ಹುಡುಕಿದ. ಅರ್ಧ ದರ. ಮೇ ತಿಂಗಳಲ್ಲಿ ಮರುಭೂಮಿಗೆ ಅರ್ಧ ದರ ಏಕೆ ಎಂದು ಮೂವರಲ್ಲಿ ಒಬ್ಬರೂ ಯೋಚಿಸಲಿಲ್ಲ. ತತ್ಕಾಲ್ ಟಿಕೆಟ್ ಸಿಕ್ಕಿತು.

ಜಯಲತಾ ಹೊರಡುವ ಮೊದಲೇ ಕರಾರು ಹಾಕಿದರು. "ಅಲ್ಲಿ ನೀವು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ."

"ಅಲ್ಲಿ ನನಗೆಂತ ಕೆಲಸ?" ಎಂದರು ರಾಯರು. ಅವರ ಚೀಲದ ತಳದಲ್ಲಿ ಆಗಲೇ ಉದ್ದಿನಬೇಳೆ, ಇಡ್ಲಿ ರವೆ ಇದ್ದವು.

ರೆಸಾರ್ಟ್ ಎಂದರೆ ಮರಳಿನ ನಡುವೆ ಹನ್ನೆರಡು ಡೇರೆಗಳು. ಅತಿಥಿಗಳು ಇವರು ಮಾತ್ರ. ಮೊದಲ ದಿನ ರಾಯರು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಡುಗೆಯವನು ರೊಟ್ಟಿ ಬೇಯಿಸುವುದನ್ನು ನೋಡುತ್ತ ಉಂಡರು.

"ಕಾಲಿಟ್ಟಿಲ್ಲ ನೋಡು. ಹೊರಗೇ ಇದ್ದೇನೆ."

"ಹೌದೌದು. ಗೂರ್ಖನ ಹಾಗೆ," ಎಂದರು ಜಯಲತಾ.

ಆ ರಾತ್ರಿ ರಾಯರು ಬಚ್ಚಲಿನಲ್ಲಿ ಬೇಳೆ ನೆನೆಸಿದರು. ಮರುದಿನ ಬೆಳಿಗ್ಗೆ ಹೆಂಡತಿ ಒಂಟೆಯ ಮೇಲಿದ್ದಾಗ ಅಡುಗೆಯವನ ಮಿಕ್ಸಿಯಲ್ಲಿ ಅರೆದು, ರವೆ ಬೆರೆಸಿ, ಪಾತ್ರೆ ಮುಚ್ಚಿ ಮಂಚದ ಕೆಳಗೆ ಸರಿಸಿದರು. ಡೊಂಬಿವಲಿಯಲ್ಲಿ ಹಿಟ್ಟು ಉಕ್ಕಿ ಬರಲು ಎಂಟು ಗಂಟೆ ಬೇಕು. ಇಲ್ಲಿಯ ಶುಷ್ಕ ಹವೆಯಲ್ಲಿ ಅದರ ಎರಡರಷ್ಟಾದರೂ ಬೇಕು, ಮಾರನೆಯ ಬೆಳಿಗ್ಗೆಗೆ ಸರಿಹೋಗುತ್ತದೆ ಎಂಬುದು ಅವರ ಲೆಕ್ಕ. ಆದರೆ ಹಿಟ್ಟನ್ನು ಹುದುಗಿಸುವುದು ಶಾಖ. ಡೇರೆಯ ಹೊರಗೆ ಆಗ ನಲವತ್ತಾರು ಡಿಗ್ರಿ.

ಅದೇ ಮಧ್ಯಾಹ್ನ ಮೂರು ಗಂಟೆಗೆ ಮೂವರೂ ಮಲಗಿದ್ದಾಗ ಮಂಚದಡಿಯಲ್ಲಿ ಮುಚ್ಚಳ ಠಣ್ಣೆಂದಿತು. ಜಯಲತಾ ಬಗ್ಗಿ ನೋಡಿದರು. ಹಿಟ್ಟು ರತ್ನಗಂಬಳಿಯ ಮೇಲೆ ಹರಿದು ಸಮಿತನ ಚಪ್ಪಲಿ ಮುಟ್ಟಿತ್ತು.

"ಎಂತ ಇದು?"

"ನಾಳೆ ಬೆಳಿಗ್ಗೆ ನಿನಗೆ ಇಡ್ಲಿ ಅಂತ..." ರಾಯರ ದನಿ ಇಳಿಯಿತು.

"ನಾನು ಇಡ್ಲಿ ಕೇಳಿದ್ದಾ? ಇಡ್ಲಿ ಡೊಂಬಿವಲಿಯಲ್ಲೂ ಉಂಟು. ನೀವು ಕೂತು ತಿನ್ನುವುದು ಅಲ್ಲಿ ಇಲ್ಲ, ಅದಕ್ಕೇ ಇಷ್ಟು ದೂರ ಬಂದದ್ದು ಮಾರಾಯ್ರೆ."

ಜಯಲತಾ ಉಳಿದ ಹಿಟ್ಟಿನ ಪಾತ್ರೆ ಎತ್ತಿಕೊಂಡು ತಾವೇ ಅಡುಗೆಮನೆಗೆ ಹೋದರು. ಬಟ್ಟಲುಗಳಲ್ಲಿ ಹೊಯ್ದು ಬೇಯಿಸಿದರು. ಅಷ್ಟು ಹೊತ್ತೂ ರಾಯರು ಊಟದ ಮೇಜಿನ ಮುಂದೆ ಕುಳಿತಿರಬೇಕೆಂದು ಅಪ್ಪಣೆಯಾಗಿತ್ತು. ಎರಡು ಸಲ ಅವರು ಏಳಲು ಹೋದರು. ಎರಡು ಸಲವೂ ಸಮಿತ್ ಭುಜ ಒತ್ತಿ, "ಪಪ್ಪಾ, ಬೈಠೋ ನಾ," ಎಂದ.

ಇಡ್ಲಿ ಬಂತು. ಚಟ್ನಿ ಇರಲಿಲ್ಲ, ಮೊಸರಿತ್ತು. ಜಯಲತಾ ತಾವೂ ಎದುರಿಗೆ ಕುಳಿತು ಬಡಿಸಿಕೊಂಡರು.

ರಾಯರು ಒಂದು ತುತ್ತು ನುಂಗಿ ಹೇಳಿದರು. "ಹುಳಿ ಜಾಸ್ತಿಯಾಯ್ತು. ಹೋಟೆಲಿನಲ್ಲಾದರೆ ಚೆಲ್ಲಿಸ್ತಿದ್ದೆ."

"ಇಲ್ಲಿ ನೀವು ಗಿರಾಕಿ. ತಿನ್ನಿ."

ತಿಂದರು, ಏಳು ಇಡ್ಲಿ. ಜಯಲತಾ ಬೇಕೆಂದೇ ನಿಧಾನವಾಗಿ, ನಾಲ್ಕು ಇಡ್ಲಿಗೆ ಅರ್ಧ ಗಂಟೆ ತೆಗೆದುಕೊಂಡರು. ಅವರ ಕೊನೆಯ ತುತ್ತು ಮುಗಿಯುವವರೆಗೂ ರಾಯರು ಕದಲಲಿಲ್ಲ. ಆ ಬಿಸಿಗೆ ಎಂಜಲು ಕೈ ಒಣಗಿ ಬಿಳಿಯಾಗಿತ್ತು.