ಇಪ್ಪತ್ತಮೂರು ಕೋಣೆಗಳ ಮನೆ

ಆ ಬೀದಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಹೋಗಲು ಎರಡು ಜಾಗಗಳಿದ್ದವು. ಒಂದು, ಗಾಜಿನ ಬಾಗಿಲು ಹಾಕಿದ ಮೂಲೆಯ ರಿಪೇರಿ ಅಂಗಡಿ. ಅಲ್ಲಿ ಯಂತ್ರವನ್ನು ಚೀಲದಿಂದ ತೆಗೆಯುವ ಮೊದಲೇ ‘ಫಾರ್ಮ್ಯಾಟ್ ಮಾಡ್ಬೇಕು’ ಎಂಬ ತೀರ್ಪು ಬಂದುಬಿಡುತ್ತಿತ್ತು. ಒಳಗಿರುವುದನ್ನೆಲ್ಲ ಅಳಿಸಿ ಹಾಕುವ ಆ ಮಾತನ್ನು ಅವರು ಕೈ ತೊಳೆದು ಬಂದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಇನ್ನೊಂದು, ಹೊಲಿಗೆ ಅಂಗಡಿಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ. ಅಲ್ಲಿ ಕೂರುತ್ತಿದ್ದವಳಿಗೆ ಬೀದಿಯವರು ಇಟ್ಟ ಹೆಸರು ನಿಧಾನಕ್ಕ. ಬೈಯುವುದಕ್ಕೆ ಇಟ್ಟರೋ ಹೊಗಳುವುದಕ್ಕೆ ಇಟ್ಟರೋ ಯಾರಿಗೂ ಗೊತ್ತಿಲ್ಲ. ಅವಳಂತೂ ಎರಡಕ್ಕೂ ಒಂದೇ ನಗು ನಕ್ಕು ಸುಮ್ಮನಾಗುತ್ತಿದ್ದಳು.

ನಲವತ್ತು ದಾಟಿದ ಹೆಂಗಸು, ತಂಗಿಯ ಮನೆಯ ಮಾಳಿಗೆ ಕೋಣೆಯಲ್ಲಿ ವಾಸ. “ಅಕ್ಕಾ, ನೀನು ಒಲೆ ಮುಂದೆ ನಿಂತ್ರೂ ಹಾಲು ಉಕ್ಕೇ ಉಕ್ಕತ್ತೆ, ನಿನ್ನ ಕಣ್ಣು ಎಲ್ಲೋ ಇರತ್ತೆ” ಎಂದು ತಂಗಿ ದಿನಾ ರೇಗಿಸುವಳು. ಅದು ನಿಜವೇ. ಹಾಗೆಂದು ಅವಳನ್ನು ಪೆದ್ದಿ ಎಂದುಕೊಂಡವರು ಬೇಸ್ತು ಬೀಳುತ್ತಿದ್ದರು. ಕೆಟ್ಟ ಯಂತ್ರ ಕೈಗೆ ಬಂದರೆ ಅವಳು ಅದನ್ನು ಒಂದೇ ಒಂದು ಸಲ ಚಾಲೂ ಮಾಡುವಳು. ಕಿವಿಯ ಹತ್ತಿರ ಹಿಡಿದು, ಒಳಗಿನ ಫ್ಯಾನ್ ಎಷ್ಟು ಹೊತ್ತು ತಿರುಗಿತು, ಎಲ್ಲಿ ತಡವರಿಸಿತು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸುವಳು. ಆಮೇಲೆ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳುವಳು: “ಇದರೊಳಗೆ ಯಾವುದು ಹೋದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ? ಅದೊಂದು ಹೇಳಿ.” ಅದನ್ನು ಹೊರಗೆ ತೆಗೆದಿಟ್ಟುಕೊಳ್ಳುವವರೆಗೆ ರಿಪೇರಿಯ ತಂಟೆಗೇ ಹೋಗುತ್ತಿರಲಿಲ್ಲ. ಇನ್ನೊಂದು ನೇಮವೂ ಇತ್ತು. ಹೊರತೆಗೆದದ್ದನ್ನು ಬಿಚ್ಚಿ ನೋಡುವುದು ಅದರ ಯಜಮಾನರ ಎದುರಿಗೇ. ಸಿಕ್ಕಿತೆಂದು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೈಯಾಡಿಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಧ್ಯಾಹ್ನದ ಹೊತ್ತು ಆ ಕೋಣೆ ಅರೆನಿದ್ದೆಯಲ್ಲಿರುತ್ತಿತ್ತು. ಮೇಲಿನ ಹೊಲಿಗೆ ಯಂತ್ರಗಳ ಸದ್ದು ಸೂರಿನಿಂದ ಜಿನುಗಿ ಬರುತ್ತಿತ್ತು. ಗವಾಕ್ಷಿಯಿಂದ ಬಿದ್ದ ಬಿಸಿಲು ಗೋಡೆಯಿಂದ ಮೇಜಿಗೆ, ಮೇಜಿನಿಂದ ಅವಳ ಮಡಿಲಿಗೆ ಸದ್ದಿಲ್ಲದೆ ಸರಿಯುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ ನಕ್ಷೆಯವರು ಬಂದರು.

ನಕ್ಷೆಯವರೆಂದರೆ ಎದುರು ಕಟ್ಟಡದ ಮೂರನೇ ಮಹಡಿಯ ಮುದುಕರು. ಮೂವತ್ತಾರು ವರ್ಷ ಇನ್ನೊಬ್ಬರ ಮನೆಗಳ ನಕ್ಷೆ ಬರೆದು ನಿವೃತ್ತರಾದವರು. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ತಂದಿದ್ದರು.

“ಚಾಲೂ ಆಗತ್ತಮ್ಮಾ. ಚುಕ್ಕಿಗಳು ಸುತ್ತತ್ವೆ. ಸರಿಪಡಿಸ್ತಾ ಇದೀನಿ ಅನ್ನತ್ತೆ. ಆಮೇಲೆ ಕಪ್ಪಾಗಿ ಮತ್ತೆ ಮೊದಲಿಂದ ಶುರು. ಒಂಬತ್ತು ದಿನದಿಂದ ಇದೇ ಆಟ.”

“ಇದರೊಳಗೆ ಏನಿದೆ ಸಾರ್?”

ಅವರು ಟವೆಲ್ಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ಒಂದು ಮನೆ ಇದೆ” ಎಂದರು.

ಹೇಳಲು ನಾಚಿಕೆ, ಹೇಳದಿದ್ದರೆ ಗತಿಯಿಲ್ಲ. ತಡವರಿಸುತ್ತ ಹೇಳಿದ್ದು ಇಷ್ಟು: ನಾಲ್ಕು ವರ್ಷದಿಂದ, ಮಧ್ಯಾಹ್ನ ಊಟವಾಗಿ ಮಲಗಿದರೆ ಅವರಿಗೆ ಒಂದೇ ಮನೆ ಕನಸಿಗೆ ಬರುತ್ತದೆ. ಎಂದೂ ಕಾಣದ ಮನೆ. ಕೆಲವು ದಿನ ಗೊತ್ತಿರುವ ಕೋಣೆಗಳಲ್ಲೇ ಸುತ್ತಾಡಿ ಎಚ್ಚರವಾಗುತ್ತದೆ. ಒಮ್ಮೊಮ್ಮೆ ಹೊಸ ಬಾಗಿಲೊಂದು ತೆರೆಯುತ್ತದೆ. ಎದ್ದ ಕೂಡಲೇ ಆ ಕೋಣೆಯನ್ನು ಅಡಿ ಅಂಗುಲ ಹಾಕಿ ನಕ್ಷೆಗೆ ಸೇರಿಸುತ್ತಾರೆ. ಕೈ ನಡುಗುವುದರಿಂದ ಕಾಗದದ ಮೇಲೆ ಗೆರೆ ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಅಳತೆ ಒತ್ತಿದರೆ ಗೆರೆ ನೆಟ್ಟಗೆ ಬರುತ್ತದೆ. ಇಲ್ಲಿಯವರೆಗೆ ಇಪ್ಪತ್ತಮೂರು ಕೋಣೆಗಳಾಗಿವೆ.

“ಯಾರಿಗಾದ್ರೂ ತೋರಿಸಿದೀರಾ?”

“ಮುಗೀದೇ ಇರೋ ನಕ್ಷೆ ತೋರಿಸೋದು ನಮ್ಮ ಕಸುಬಲ್ಲಿಲ್ಲ.” ಅವರ ದನಿ ತಗ್ಗಿತು. “ಇದು ನಿಂತ್ಹೋದಾಗಿಂದ ನಿದ್ದೇನೇ ಬರ್ತಿಲ್ಲ. ಕಣ್ಣು ಮುಚ್ಕೊಂಡು ಮಲಗಿರ್ತೀನಿ, ಬಾಗಿಲೇ ಸಿಗಲ್ಲ.”

ಬೇರೆಯವರಾದರೆ ಮುದುಕರಿಗೆ ಅರಳುಮರಳು ಎಂದು ಒಳಗೊಳಗೇ ನಗುತ್ತಿದ್ದರು. ನಿಧಾನಕ್ಕನಿಗೆ ನಗು ಬರಲಿಲ್ಲ. ಆ ಮನೆಯ ನೆಲ ಎಂಥದಿರಬಹುದು, ತಣ್ಣಗಿರುತ್ತದೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಚೀಟಿ ಬರೆದು ಅಂಟಿಸಿದಳು.

ಅವರು ಹೋಗಿ ಗಂಟೆಯಾಗಿರಲಿಲ್ಲ, ಫೋನ್ ಬಂತು. ಹೆಂಗಸಿನ ದನಿ, ಪಕ್ಕದಲ್ಲೇ ಯಾರೋ ಮಲಗಿರುವಂತೆ ಮೆಲ್ಲಗೆ.

“ನಾನು ನಕ್ಷೆಯವರ ಹೆಂಡತಿ ಕಣಮ್ಮಾ. ಅವರಿಗೆ ಹೇಳ್ಬೇಡ. ಅದನ್ನ ಕೆಡಿಸಿದ್ದು ನಾನೇ.”

ಗಂಡನಿಗೆ ಜೇನು ಗುಂಯ್ ಎಂದರೂ ನಿದ್ದೆ ಬರುವುದಿಲ್ಲವಂತೆ. ಅದಕ್ಕೇ ದಿನಾ ಅವರು ಮಲಗಿದ ಕೂಡಲೇ ಈಕೆ ಫ್ರಿಡ್ಜ್ ಆರಿಸುತ್ತಾರೆ, ನಲ್ಲಿಯ ಕೆಳಗೆ ಬಟ್ಟೆ ಇಡುತ್ತಾರೆ, ಗೋಡೆ ಗಡಿಯಾರವನ್ನು ತೆಗೆದು ಬೀರುವಿಗೆ ಹಾಕುತ್ತಾರೆ. ಆ ದಿನ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಏನೋ ಅಪ್‌ಡೇಟ್ ಶುರು ಮಾಡಿ ಭರ್ರೆಂದು ಸದ್ದು ಮಾಡುತ್ತಿತ್ತು. ‘ಆರಿಸಬೇಡಿ’ ಎಂದು ಪರದೆಯಲ್ಲಿ ಬರೆದಿತ್ತಂತೆ. ಕನ್ನಡಕ ಹಾಕಿಕೊಂಡು ಓದುವಷ್ಟರಲ್ಲಿ ಗಂಡನಿಗೆ ಎಚ್ಚರವಾದರೆ ಎಂದು, ಗುಂಡಿಯನ್ನು ಒತ್ತಿ ಹಿಡಿದೇಬಿಟ್ಟರು. ಮತ್ತೆ ತಾನೇ ಹೊತ್ತಿಕೊಂಡಿತು. ಮತ್ತೆ ಒತ್ತಿದರು. ಹೀಗೆ ಮೂರು ಸಲ.

“ಅಯ್ಯೋ, ಪಾಪ” ಎಂದಳು ನಿಧಾನಕ್ಕ. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ಆ ಕಡೆಯ ದನಿ ಬೇರೆಯಾಯಿತು. “ಸರಿಹೋಗಲಿಲ್ಲ ಅಂತ ನೀನು ಹೇಳಿದ್ರೂ ನಾನೇನೂ ಅಳಲ್ಲಮ್ಮಾ. ಮಂಡಿ ಹೋಗಿ, ವಾಕರ್ ಹಿಡ್ದು, ನಾನು ಈ ಮನೆ ಮೆಟ್ಟಿಲಿಳಿದು ಎರಡು ವರ್ಷ ಆಯ್ತು. ಇವರು ದಿನಾ ಮಧ್ಯಾಹ್ನ ಮಲಗಿ ಕನಸಿನ ಆ ಇನ್ನೊಂದು ಮನೆಗೆ ಹೋಗಿಬಿಡ್ತಾರೆ. ಬಂದ ಮೇಲೂ ಅದೇ ಧ್ಯಾನ. ಆ ಮನೆ ನನಗೆ ಸವತಿ ಆಗ್ಬಿಟ್ಟಿದೆ. ಅದರಲ್ಲಿ ನನಗೆ ಒಂದು ಮೂಲೆನಾದ್ರೂ ಇದ್ಯೋ ಇಲ್ವೋ, ಒಂದು ದಿನ ಬಾಯಿಬಿಟ್ಟು ಹೇಳಿಲ್ಲ. ನಾನೂ ಕೇಳಿಲ್ಲ. ಇಲ್ಲ ಅಂದುಬಿಟ್ರೆ?”

ಫೋನ್ ಇಟ್ಟ ನಿಧಾನಕ್ಕ ಆ ದಿನ ಯಂತ್ರವನ್ನು ಮುಟ್ಟಲಿಲ್ಲ.

ಮಾರನೆಯ ದಿನ ಕೆಲಸ ಶುರುವಾಯಿತು. ಯಂತ್ರವನ್ನು ಅದರ ಪಾಡಿಗೆ ಏಳಲು ಬಿಡದೆ, ತನ್ನ ಪೆನ್ ಡ್ರೈವ್ ಚುಚ್ಚಿ, ಅದರ ಮೂಲಕ ಎಬ್ಬಿಸಿದಳು. ಒಳಗಿನದೆಲ್ಲ ಕಾಣಿಸಿತು. ತನ್ನ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಲು ಹಚ್ಚಿದಳು. ಪರದೆಯಲ್ಲಿ ಹಸಿರು ಪಟ್ಟಿ ಇಂಚಿಂಚೇ ತೆವಳತೊಡಗಿತು. ಅದನ್ನು ನೋಡುತ್ತ ನೋಡುತ್ತ ಅವಳಿಗೆ ಮಂಪರು ಹತ್ತಿತು. ನಿದ್ದೆಯಲ್ಲ, ಎಚ್ಚರವೂ ಅಲ್ಲ. ಒಂದು ಉದ್ದನೆಯ ಪಡಸಾಲೆ, ಅದರ ತುದಿಯಲ್ಲಿ ಬೆಳಕು. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಎಲ್ಲ ಕೋಣೆಗಳೂ ಖಾಲಿ, ಆದರೆ ಈಗ ತಾನೇ ಯಾರೋ ಎದ್ದು ಹೋದಂತೆ ಬೆಚ್ಚಗೆ. ಆ ಅಮ್ಮನಿಗೆ ಇಲ್ಲಿ ಜಾಗ ಎಲ್ಲಿದೆ ಎಂದು ಹುಡುಕುತ್ತ ನಡೆದಳು. ಮೇಲೆ ಹೊಲಿಗೆ ಯಂತ್ರ ನಿಂತಾಗ ಕಣ್ಣು ಬಿಟ್ಟಳು. ನಕಲು ಮುಗಿದಿತ್ತು.

ಮನೆಯ ನಕ್ಷೆ ಇದ್ದ ಫೈಲು ಸಿಕ್ಕಿತು. ಅದರ ಮುಂದೆ ಗಾತ್ರ ಸೊನ್ನೆ ಎಂದಿತ್ತು.

ಫೈಲು ತೆರೆದಿದ್ದಾಗಲೇ ಗುಂಡಿ ಒತ್ತಿದ್ದರು. ಹೆಸರು ಉಳಿದು ಒಳಗಿನದು ಬರಿದಾಗಿತ್ತು. ಹೋಯಿತು ಎಂದು ಹೇಳಿದರೆ ಈಗ ಸುಳ್ಳೂ ಅಲ್ಲ. ಮುದುಕಿಗೆ ಸವತಿ ಕಾಟ ತಪ್ಪುತ್ತದೆ. ಮುದುಕರು ನಾಲ್ಕು ದಿನ ಮಂಕಾಗಿದ್ದು ಸರಿಹೋಗಬಹುದು. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ನಾಲ್ಕು ವರ್ಷ ಒಬ್ಬ ಮನುಷ್ಯ ನಡೆದಾಡಿದ ಮನೆಯನ್ನು ಸೊನ್ನೆ ಎಂದು ಬರೆದು ಕೈ ಕೊಡವುವುದಕ್ಕೆ ಮೂಲೆಯ ಗಾಜಿನ ಅಂಗಡಿಯೇ ಸಾಕಿತ್ತಲ್ಲ!

ನಕ್ಷೆ ಬರೆಯುವ ತಂತ್ರಾಂಶಗಳು ಫೈಲು ಉಳಿಸಿದಾಗಲೆಲ್ಲ ಅದರ ಹಿಂದಿನ ಒಂದು ಪ್ರತಿಯನ್ನು ಬೇರೆ ಕಡೆ ಎತ್ತಿಡುವುದುಂಟು. ಎಲ್ಲಿ ಎಂಬುದೇ ತಲೆನೋವು. ಆ ದಿನವೆಲ್ಲ ಜಾಲಾಡಿದಳು. ಮರುದಿನ ಮಧ್ಯಾಹ್ನ, ಹೆಸರಿಗೆ ಬದಲು ಬರೀ ಅಂಕಿಗಳಿದ್ದ ಫೈಲೊಂದು ಕಣ್ಣಿಗೆ ಬಿತ್ತು. ತಾರೀಕು ಯಂತ್ರ ಕೆಟ್ಟ ದಿನದ್ದೇ. ಗಾತ್ರ ದೊಡ್ಡದಿತ್ತು. ನೇಮ ಮೀರಿ ಅದನ್ನು ತೆರೆಯಬೇಕೆಂದು ಬೆರಳು ತುರಿಸಿತು. ತೆರೆಯಲಿಲ್ಲ. ಇನ್ನು ಯಂತ್ರದ ಸರದಿ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಹಿಂದಕ್ಕೆ ತೆಗೆಸಿ, ಆರಂಭದ ಫೈಲುಗಳನ್ನು ಮತ್ತೆ ಕೂರಿಸಿದಳು. ಚುಕ್ಕಿಗಳು ಸುತ್ತಿದವು, ಸುತ್ತಿದವು, ಸಾಕಾಗಿ ನಿಂತವು. ಪರದೆ ತಿಳಿಯಾಯಿತು.

ಯಂತ್ರವನ್ನು ಗಿರಾಕಿಯ ಮನೆಗೆ ಮುಟ್ಟಿಸುವ ಪದ್ಧತಿ ಅವಳಿಗಿರಲಿಲ್ಲ. ಆ ದಿನ ಫೋನಿನಲ್ಲಿ ಒಂದು ಸುಳ್ಳು ಹೇಳಿದಳು: “ನಿಮ್ಮ ಮನೆ ಇಂಟರ್ನೆಟ್ಟಲ್ಲೇ ಒಂದ್ಸಲ ನೋಡ್ಬೇಕು ಸಾರ್, ನಾನೇ ಬರ್ತೀನಿ.” ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು. ಈ ಮೆಟ್ಟಿಲುಗಳನ್ನು ಎರಡು ವರ್ಷದಿಂದ ಬರೀ ಮೇಲಿನಿಂದ ನೋಡುತ್ತಿರುವವರ ನೆನಪಾಗಿ ಕಡೆಯ ಸುತ್ತಿನಲ್ಲಿ ಒಂದು ಗಳಿಗೆ ನಿಂತಳು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಮುಂದೆ ವಾಕರ್. ಅವಳನ್ನು ನೋಡಿಯೂ ನೋಡದಂತೆ ಹೊರಗೆ ಮುಖ ಮಾಡಿದ್ದರು.

“ಇಲ್ಲೇ ತೆಗೀಬೇಕಾ?” ಎಂದರು ನಕ್ಷೆಯವರು, ಹೆಂಡತಿಯ ಕಡೆ ಕಳ್ಳನೋಟ ಬೀರಿ. “ಇನ್ನೂ ಮುಗಿದಿಲ್ಲ ಅದು.”

“ಇಲ್ಲೇ” ಎಂದಳು ನಿಧಾನಕ್ಕ. ಅಷ್ಟು ಗಟ್ಟಿಯಾಗಿ ಅವಳು ಯಾವ ಗಿರಾಕಿಯ ಜೊತೆಯೂ ಮಾತಾಡಿರಲಿಲ್ಲ.

ಫೈಲು ತೆರೆಯಿತು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳು ಒಂದೊಂದಾಗಿ ಮೂಡಿದವು. ಕೋಣೆಗೆ ಕೋಣೆ ಅಂಟಿಕೊಂಡು ಮನೆ ಹರಡುತ್ತಲೇ ಹೋಯಿತು. ಮುದುಕರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಿಧಾನಕ್ಕನಿಗೆ ನಕ್ಷೆ ಓದಲು ಬಾರದು. ಅವಳಿಗೆ ಕಂಡದ್ದು ಒಂದೇ.

“ಇದೇನು ಸಾರ್, ಎಲ್ಲಾ ಬಾಗಿಲಿಗೂ ಒಂದೇ ಅಂಕಿ ಬರೆದಿದೆ? ಮೂರಡಿ ನಾಲ್ಕಂಗುಲ?”

“ವಾಕರ್ ತಿರುಗ್ಬೇಕಲ್ಲಮ್ಮಾ” ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ. “ಮೊದಲು ಎರಡೂವರೆ ಅಡಿ ಇಟ್ಟಿದ್ದೆ. ಇವಳಿಗೆ ಮಂಡಿ ಹೋದ್ಮೇಲೆ ಹಳೇ ಹನ್ನೊಂದು ಕೋಣೆ ಬಾಗಿಲೂ ಒಡೆಸಿ ಅಗಲ ಮಾಡಿಸ್ದೆ. ಎಲ್ಲೂ ಮೆಟ್ಟಿಲಿಲ್ಲ ನೋಡು, ಹೊಸ್ತಿಲೂ ಇಲ್ಲ.”

ವಾಕರಿನ ಸದ್ದು ಕೇಳಿಸಿತು. ಹೆಂಡತಿ ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಮೇಜಿನ ಹತ್ತಿರ ಬಂದರು. ಪರದೆಗೆ ಬಗ್ಗಿ ನೋಡಿದರು.

“ಆ ಮನೇಲಿ ನಾನಿದೀನಾ?”

“ಇದೀಯಾ ಅಂದ್ರೆ!” ಮುದುಕರಿಗೆ ಅದೊಂದು ಪ್ರಶ್ನೆಯೇ ಎಂದು ಆಶ್ಚರ್ಯ. “ನೀನಿಲ್ದೇ ಇದ್ರೆ ನಾನ್ಯಾಕೆ ಅಲ್ಲಿ ಅಲೀಲಿ? ಅಲ್ಲಿ ನಿನ್ನ ಕಾಲು ಚೆನ್ನಾಗಿದೆ ಕಣೇ, ಏನು ಬಿರುಸು ನಿನ್ನ ನಡಿಗೆ! ಯಾವಾಗ್ಲೂ ಮುಂದಿನ ಕೋಣೇಲಿ ನಿನ್ನ ಹೆಜ್ಜೆ ಸದ್ದು. ನಾನು ಬಾಗಿಲು ತೆಗೆಯೋಷ್ಟರಲ್ಲಿ ನೀನು ಅದರ ಮುಂದಿನದಕ್ಕೆ ಹೋಗಿರ್ತೀಯ. ಅದಕ್ಕೇ ಕೋಣೆ ಮುಗೀತಾನೇ ಇಲ್ಲ.”

“ಅಲ್ಲಿ ಕಾಲು ಚೆನ್ನಾಗಿದ್ರೆ ಬಾಗಿಲು ಯಾಕೆ ಅಗಲ?”

“ಬರೆಯೋದು ಎಚ್ಚರಾದ್ಮೇಲೆ ಅಲ್ವಾ?”

ಹೆಂಡತಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. “ಇದನ್ನ ಆರಿಸಿ ಕೆಡಿಸಿದ್ದು ನಾನು ಕಣ್ರೀ” ಎಂದರು.

“ಗೊತ್ತು” ಎಂದರು ನಕ್ಷೆಯವರು. “ನನಗೆ ಎಚ್ಚರ ಆಗ್ಬಾರ್ದು ಅಂತ ತಾನೇ?”

ನಿಧಾನಕ್ಕ ತನ್ನ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ಸರಿದಳು. ಅವರಿಬ್ಬರಿಗೆ ಅವಳು ಅಲ್ಲಿರುವುದೇ ಮರೆತಿತ್ತು. ಹೆಂಡತಿ ನಕ್ಷೆಯ ಒಂದು ಅಂಚಿನಲ್ಲಿ, ಗೆರೆಗಳು ಇನ್ನೂ ಕೂಡದೆ ತೆರೆದುಕೊಂಡಿದ್ದ ಜಾಗದಲ್ಲಿ ಬೆರಳಿಟ್ಟು, ಗಂಡನ ಕಡೆ ತಿರುಗದೆಯೇ ಹೇಳಿದರು:

“ಇವತ್ತು ಮಲಗಿದಾಗ ಹೀಗೆ ಹಿಂದೆ ಹಿಂದೆ ಬರ್ಬೇಡಿ. ಒಂದು ಸಲ ಕೂಗಿ. ನಿಲ್ತೀನಿ.”